ಮೀನಿನ ವ್ಯಾನಿನ ಜೀರ್ಣೋದ್ಧಾರ

ಕಾಪುವಿನ ನಮ್ಮ ನೆರೆಯವನು ಗಲ್ಫಿನಿಂದ ಬಂದವನೇ, ತೀರಿಹೋದ ತಂದೆಯ ಹಳೆಯ ಮೀನಿನ ವ್ಯಾನನ್ನು ಜೀರ್ಣೋದ್ಧಾರ ಮಾಡುವ ಸಂಕಲ್ಪ ತೊಟ್ಟ. ಪ್ರತಿ ಬೋಲ್ಟು ಬಿಗಿದ ಮೇಲೂ ಬೋನೆಟ್ಟು ತಟ್ಟಿ, "ಸರಿ ಉಂಟಲ್ವಾ?" ಎನ್ನುವನು, ಕೇಳಿದ್ದು ನನ್ನನ್ನೋ ವ್ಯಾನನ್ನೋ ತಿಳಿಯುತ್ತಿರಲಿಲ್ಲ. ಕೊನೆಗೊಂದು ದಿನ ವ್ಯಾನು ಹೊಳೆಯುತ್ತ, ಸದ್ದಿಲ್ಲದೆ ಅಂಗಳಕ್ಕೆ ಬಂತು. ವಯಸ್ಸಾಗಿ ಕಣ್ಣು ಮಂಜಾಗಿದ್ದ ಅವನ ಉಮ್ಮ ಜಗಲಿಯಿಂದಲೇ, "ಇದು ಯಾರದ್ದು ಮಾರಾಯ? ನಿನ್ನ ಬಾಪನ ವ್ಯಾನು ಉದ್ಯಾವರದಲ್ಲಿ ಇರುವಾಗಲೇ ಇಲ್ಲಿಗೆ ಕೇಳ್ತಿತ್ತು" ಎಂದರು.

ಅವನು ಕಂಗಾಲಾದ. ಮರುದಿನದಿಂದ, ಬಿಗಿದದ್ದನ್ನೆಲ್ಲ ಒಂದೊಂದಾಗಿ ಸಡಿಲಿಸಿ ವ್ಯಾನಿನಲ್ಲಿ ಅಂಗಳ ಸುತ್ತತೊಡಗಿದ. ಉಮ್ಮ ಪ್ರತಿ ಸಲವೂ "ಅಲ್ಲ" ಎಂದು ತಲೆಯಾಡಿಸಿದರು. ಒಂದು ಸಂಜೆ ವ್ಯಾನಿನ ಹಿಂಬಾಗಿಲೇ ಕಳಚಿ ದಡಾರನೆ ಬಿತ್ತು.

"ಹಾಂ, ಇದೇ!" ಎನ್ನುತ್ತ ಉಮ್ಮ ಎದ್ದು ನಿಂತರು. "ಚಾ ಇಡ್ತೇನೆ."

ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವನು ನನ್ನನ್ನು ಮೆಲ್ಲಗೆ ಕೇಳಿದ: "ಇದನ್ನೀಗ ಕೂಡಿಸುವುದಾ, ಬೇಡವಾ?"