ಹಿಂದಿನ ಚಕ್ರದ ಕುಣಿತ

ಅತ್ತಿಗೆ ತೀರಿಕೊಂಡ ಮೇಲೆ ನಮ್ಮಣ್ಣ ಬಹಳ ಕಾಲ ಟೈರಿನ ಮಾತೊಂದನ್ನು ಬಿಟ್ಟು ಬೇರೇನೂ ಆಡಲಿಲ್ಲ. ಊಟಕ್ಕೆ ಕೂತರೆ ಮುದ್ದೆ ಮುರಿಯುತ್ತಲೇ, “ಟೈರ್ ಪಕ್ಕೆ ಗಟ್ಟಿ ಇದ್ರೆ ಚಕ್ರ ಕುಣೀತದೆ ಕಣಮ್ಮಿ” ಅನ್ನುತ್ತಿದ್ದ. ಅವ್ವ ಸಾರು ಬಡಿಸುತ್ತ ನನ್ನ ಮುಖ ನೋಡುತ್ತಿದ್ದಳು. ನಾನು “ಹೂಂ” ಅನ್ನುತ್ತಿದ್ದೆ. ಅವನ ಬಾಯಿಂದ ಮಾತು ಬಂದರೆ ಸಾಕು, ಅದು ಟೈರಿನದ್ದಾದರೂ ಆಗಲಿ ಎಂಬ ಸ್ಥಿತಿಗೆ ನಾವು ಬಂದಿದ್ದೆವು.

ತೊಂಬತ್ತರ ದಶಕದ ನಡುವಿನ ವರ್ಷಗಳು ಅವು. ನಮ್ಮೂರು ಪಾಂಡವಪುರದಿಂದ ಒಳಗೆ, ನಾಲೆಯ ಕೆಳಗಿದೆ. ಊರಿಂದ ಹೊರಗೆ ಹೋಗಬೇಕಾದರೆ ಮೊದಲು ನಾಲೆಯ ಏರಿ ಹತ್ತಬೇಕು, ಆಮೇಲೆ ಏರಿಯ ಮೇಲಿನ ದಾರಿ ಹಿಡಿದು ಟಾರು ರಸ್ತೆ ಸೇರಬೇಕು. ನಾನು ಪಾಂಡವಪುರದ ಒಂದು ಚಿಕ್ಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಅಣ್ಣ ಸಕ್ಕರೆ ಕಾರ್ಖಾನೆಯೊಂದರ ವರ್ಕ್‌ಶಾಪಿನಲ್ಲಿ ಫಿಟ್ಟರ್. ಆದರೆ ಅವನ ಜೀವ ಇದ್ದದ್ದು ಮನೆ ಮುಂದಿನ ತೆಂಗಿನ ಗರಿಯ ಚಪ್ಪರದಡಿ ನಿಂತ ಬಿಳಿ ಕಾರಿನಲ್ಲಿ. ಎಂಜಿನ್ ಮುಂದೆ, ಓಡಿಸುವ ಬಲ ಹಿಂದಿನ ಚಕ್ರಕ್ಕೆ, ಹಾಗಿದ್ದ ಹಳೆಯ ಕಾಲದ ಕಾರು ಅದು. ಅದಕ್ಕೆ ಅವನು ದೊಡ್ಡ ಕಾರ್ಬೊರೇಟರ್ ಕೂರಿಸಿದ್ದ, ಸೈಲೆನ್ಸರ್ ಬದಲಾಯಿಸಿದ್ದ, ಅಗಲವಾದ ಗಟ್ಟಿ ಪಕ್ಕೆಯ ರೇಡಿಯಲ್ ಟೈರು ಹಾಕಿಸಿದ್ದ. ಮೈಸೂರಿನ ಆಚೆಗೆ ಬಯಲಿನಲ್ಲಿ ಮಣ್ಣಿನ ಹಾದಿ ಮಾಡಿ ರೇಸು ನಡೆಸುತ್ತಿದ್ದರು, ಅಲ್ಲಿಗೆ ಹೋಗುತ್ತಿದ್ದ. ಒಂದೆರಡು ಸಲ ಗೆದ್ದು ಕಪ್ ತಂದದ್ದೂ ಉಂಟು.

ಅತ್ತಿಗೆಯ ತವರು ಕೆ.ಆರ್. ಪೇಟೆ ಕಡೆ, ಮಾಕವಳ್ಳಿಯ ಹತ್ತಿರ. ಮದುವೆಯಾಗಿ ಬಂದ ಹೊಸತರಲ್ಲಿ ಅವಳಿಗೆ ಆ ಕಾರು ಕಂಡರೆ ನಗು. ಅಣ್ಣ ಜೋರಾಗಿ ಕ್ಲಚ್ಚು ಬಿಟ್ಟಾಗ ಹಿಂದಿನ ಚಕ್ರ ನೆಲಕ್ಕೆ ಟಪಟಪ ಬಡಿದು ಕಾರಿನ ಹಿಂಭಾಗ ಎಗರಾಡುತ್ತಿತ್ತು. “ನಿಮ್ಮಣ್ಣನ ಕಾರ್ಗೆ ಇಂದ್ಗಡೆ ಚೇಳ್ ಕಡ್ದದೆ” ಅನ್ನುತ್ತಿದ್ದಳು. ಅಣ್ಣನೂ ನಗುತ್ತಿದ್ದ. ಆಗ ಆ ಕುಣಿತ ಅವನಿಗೆ ಒಂಥರಾ ಜಂಬ. ಎಂಜಿನ್ನಿಗೆ ಅಷ್ಟು ಬಲ ಇದೆ ಅಂತ.

ಅತ್ತಿಗೆಗೆ ಎಂಟನೇ ತಿಂಗಳು ನಡೆಯುತ್ತಿತ್ತು. ಬಾಣಂತನಕ್ಕೆ ಕರೆದುಕೊಂಡು ಹೋಗಲು ತವರಿನವರು ಮುಂದಿನ ವಾರ ಬರುವವರಿದ್ದರು. ಒಂದು ಭಾನುವಾರ ಮಧ್ಯಾಹ್ನ ಅತ್ತಿಗೆ ಹಿತ್ತಲ ಬಾಗಿಲಲ್ಲಿ ಗೋಡೆ ಹಿಡಿದು ನಿಂತಳು. ಸೀರೆಯ ನೆರಿಗೆಯೆಲ್ಲ ರಕ್ತ. ಅವ್ವ ಕೂಗಿದ ಕೂಗು ಬೀದಿಗೆಲ್ಲ ಕೇಳಿಸಿತು. ಊರಲ್ಲಿ ಇದ್ದದ್ದು ಅಣ್ಣನ ಕಾರು ಒಂದೇ. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ. ಅವ್ವ ಮುಂದೆ ಕೂತಳು.

ಏರಿ ಹತ್ತುವಲ್ಲಿ ಆಗತಾನೆ ಹೊಸ ಜಲ್ಲಿ ಸುರಿದಿದ್ದರು. ಮೇಲೆ ಜಿಟಿಜಿಟಿ ಮಳೆ. ಅಣ್ಣ ಅರ್ಧ ಹತ್ತಿಸಿದ. ಅಲ್ಲಿ ಚಕ್ರ ಒಮ್ಮೆ ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು. ಕಾರು ಹಿಂದಿನಿಂದ ಎಗರಿ ಎಗರಿ ಬೀಳತೊಡಗಿತು. ಪ್ರತಿ ಸಲ ಬಿದ್ದಾಗಲೂ ಅತ್ತಿಗೆ ನನ್ನ ಕೈ ಹಿಂಡಿದಳು. ಅಣ್ಣ ಬೆದರಿ ಇನ್ನೂ ಜೋರಾಗಿ ಆಕ್ಸಿಲರೇಟರ್ ಒತ್ತಿದ. ಕೆಳಗೆಲ್ಲೋ ಕಬ್ಬಿಣ ಮುರಿದ ಸದ್ದಾಯಿತು. ಆಕ್ಸಲ್ ತುಂಡಾಗಿತ್ತು. ಎಂಜಿನ್ ಓಡುತ್ತಿತ್ತು, ಕಾರು ಮಾತ್ರ ಮೆಲ್ಲಗೆ ಹಿಂದಕ್ಕೆ ಜಾರಿ ನಿಂತಿತು.

ಕಬ್ಬಿನ ಗದ್ದೆಯಿಂದ ಟ್ರಾಕ್ಟರು ಕರೆಸಿ, ಹುಲ್ಲು ಹಾಸಿ, ಅವಳನ್ನು ಟ್ರೇಲರಿನಲ್ಲಿ ಪಾಂಡವಪುರಕ್ಕೆ ತಂದೆವು. ಅಲ್ಲಿಂದ ಬಾಡಿಗೆ ಕಾರಿನಲ್ಲಿ ಮೈಸೂರು. ಮಗು ಉಳಿಯಿತು, ಹೆಣ್ಣು. ಅತ್ತಿಗೆ ಉಳಿಯಲಿಲ್ಲ. ಡಾಕ್ಟರಮ್ಮ ಹೊರಗೆ ಬಂದು, “ಒಳಗೇ ತುಂಬ ರಕ್ತ ಹೋಗಿತ್ತು. ಇನ್ನೊಂದು ಸ್ವಲ್ಪ ಮೊದಲು ಬಂದಿದ್ದರೂ ಕಷ್ಟವಿತ್ತು” ಅಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ಅಂದದ್ದು ‘ಬಂದಿದ್ದರೂ’. ಅಣ್ಣ ಕೇಳಿಸಿಕೊಂಡದ್ದು ‘ಬಂದಿದ್ದರೆ’. ಆಮೇಲೆ ನಾನು ಎಷ್ಟು ಸಲ ತಿದ್ದಿ ಹೇಳಿದರೂ ಅವನ ಕಿವಿಗೆ ಅದು ಹೋಗಲಿಲ್ಲ.

ಮಗುವನ್ನು ಅತ್ತಿಗೆಯ ತಾಯಿ ತಮ್ಮೂರಿಗೆ ಕರೆದುಕೊಂಡು ಹೋದರು. ಅಣ್ಣ ಕಾರನ್ನು ಎಳೆಸಿಕೊಂಡು ಬಂದು, ಆಕ್ಸಲ್ ಬದಲಾಯಿಸಿ, ಆ ಕುಣಿತದ ಹಿಂದೆ ಬಿದ್ದ.

ಬಾಬುರಾಯನಕೊಪ್ಪಲಿನಲ್ಲಿ ಮೈಸೂರು ರಸ್ತೆಯ ಬದಿಗೆ ಅವನ ಗೆಳೆಯನ ಟೈರಿನ ಅಂಗಡಿ ಇತ್ತು. ಇಬ್ಬರೂ ಶ್ರೀರಂಗಪಟ್ಟಣದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ನಾವು ಮನೆಯಲ್ಲಿ ಅವರನ್ನು ಸಾಬಣ್ಣ ಅನ್ನುತ್ತಿದ್ದೆವು. ಭಾನುವಾರ ಬಂತೆಂದರೆ ಅಣ್ಣ ಅಲ್ಲಿಗೆ ಹೊರಡುತ್ತಿದ್ದ. ಅವನನ್ನು ಒಬ್ಬನೇ ಬಿಡಬೇಡ ಎಂದು ಅವ್ವ ನನ್ನನ್ನೂ ಜೊತೆಗೆ ಕಳಿಸುತ್ತಿದ್ದಳು.

ಮೊದಲು ಅಣ್ಣ, ಹಿಡಿತ ಸಾಲದು, ಅದಕ್ಕೇ ಹಾಗಾಯಿತು ಅಂದುಕೊಂಡ. ಜೀಪಿನ ಟೈರಿನಂತೆ ದಪ್ಪ ದಪ್ಪ ಹಲ್ಲಿದ್ದ ಟೈರು ಹಾಕಿಸಿದ. ಅಂಗಡಿಯ ಹಿಂದಿನ ಜಲ್ಲಿ ದಾರಿಯಲ್ಲಿ ಓಡಿಸಿ ನೋಡಿದರೆ ಕಾರು ಮೊದಲಿಗಿಂತ ಹೆಚ್ಚು ಎಗರಿತು. ಸಾಬಣ್ಣ ತಲೆ ಕೆರೆದುಕೊಂಡು, ಅದೇ ಹಳೆಯ ಅಗಲದ ಟೈರು ಹಾಕಿ ಗಾಳಿ ಇಳಿಸೋಣ ಅಂದರು. ಕುಣಿತ ಸ್ವಲ್ಪ ತಗ್ಗಿತು. ಆದರೆ ತಿರುವಿನಲ್ಲಿ ಗಾಳಿ ಕಮ್ಮಿಯಾದ ಟೈರು ರಿಮ್ಮಿನಿಂದ ಕಳಚಿಕೊಂಡು, ಕಾರು ಪಕ್ಕದ ಭತ್ತದ ಗದ್ದೆಗೆ ಇಳಿದು ಕೂತಿತು. ಸಾಬಣ್ಣ ಕೆಸರಿನಲ್ಲಿ ಮೊಣಕಾಲವರೆಗೆ ಹೂತು, “ಯಾ ಅಲ್ಲಾ, ನನ್ ಬುದ್ದಿಗಿಷ್ಟು” ಎಂದು ಹಣೆ ಚಚ್ಚಿಕೊಂಡರು. ಎಷ್ಟೋ ತಿಂಗಳ ಮೇಲೆ ಅಣ್ಣನ ತುಟಿ ಅಂದು ಒಂದು ಚೂರು ಅಲುಗಿತು. ನಗು ಅಂತ ಹೇಳಲಾರೆ.

ನನಗೊಂದು ಕೆಲಸ ಕೊಟ್ಟಿದ್ದರು. ಹಿಂದಿನ ಟೈರಿನ ಪಕ್ಕೆಗೂ ರಿಮ್ಮಿಗೂ ಸೇರಿಸಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುವುದು, ದೂರದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುವುದು. ಕ್ಲಚ್ಚು ಬಿಟ್ಟ ಕೂಡಲೇ ಆ ಗೆರೆ ಬಿಲ್ಲಿನ ಹಾಗೆ ಬಾಗುತ್ತಿತ್ತು. ಗಟ್ಟಿ ಪಕ್ಕೆಯ ಟೈರಿನಲ್ಲಿ ಬಾಗಿದ್ದು ಒಂದೇ ಏಟಿಗೆ ಸೆಟೆದು ನೇರವಾಗುತ್ತಿತ್ತು. ಆ ಏಟಿಗೆ ಚಕ್ರ ನೆಲ ಬಿಡುತ್ತಿತ್ತು. ನಾನು ಕಂಡದ್ದನ್ನು ಹೇಳಿದೆ. ಸಾಬಣ್ಣ ಬಹಳ ಹೊತ್ತು ಟೈರಿನ ಮೇಲೆ ಕೈಯಾಡಿಸುತ್ತ ಕೂತರು.

“ನೋಡ್ಲಾ,” ಅಂದರು ಅಣ್ಣನಿಗೆ. “ಇಡಿತ ಕಮ್ಮಿ ಅಂತಲ್ಲ. ಗಟ್ಟಿಯಾಗ್ ಇಡ್ಕತದೆ, ಆಮ್ಯಾಕೆ ಒಂದೇ ಸಲಕ್ಕೆ ಬುಟ್ಬುಡ್ತದೆ. ಇಡ್ಕಳಾದು, ಬುಡಾದು, ಇಡ್ಕಳಾದು, ಬುಡಾದು. ಅದೇ ಕಣ್ಲಾ ಕುಣಿತ. ನಮ್ಗೆ ಮೆತ್ಗೆ ಬುಡೋ ಟೈರ್ ಬೇಕು.”

“ಮೆತ್ಗೆ ಬುಟ್ರೆ ಏರಿ ಅತ್ತದಾ?” ಅಣ್ಣ ಕೇಳಿದ.

ಸಾಬಣ್ಣ ನನ್ನ ಕಡೆ ನೋಡಿದರು. ರೇಸಿನ ಮಾತು ಯಾರೂ ಆಡುತ್ತಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

“ಅತ್ತದೆ. ಅತ್ತುಸ್ವಾ ಬುಡು,” ಅಂದರು.

ಆಮೇಲೆ ಕಾರು ಹೊಸತಿದ್ದಾಗ ಇದ್ದಂಥ ಎತ್ತರದ ಪಕ್ಕೆಯ ಸಣ್ಣ ನೈಲಾನ್ ಟೈರು ಹಾಕಿದರು. ಕುಣಿತ ಹೋಯಿತು, ಆದರೆ ಚಕ್ರ ನಿಂತಲ್ಲೇ ಗಿರಗಿರ ಸುತ್ತುತ್ತಿತ್ತು. ನಾಗಮಂಗಲದ ಹಳೆ ಅಂಗಡಿಯೊಂದರಲ್ಲಿ ಎತ್ತರದ ಮೆತ್ತನೆ ಪಕ್ಕೆಯ ರೇಡಿಯಲ್ ಇದೆ ಎಂದು ಯಾರೋ ಹೇಳಿದರು; ಬಸ್ಸಿನ ಮೇಲೆ ಹಾಕಿಸಿ ತಂದರು. ಅದರಲ್ಲೂ ಒಂದು ಹೊಸತು, ಒಂದು ಸವೆದದ್ದು. ಆ ಜೋಡಿಯಲ್ಲಿ ಒಂದು ಕಡೆ ಹಿಡಿದು ಇನ್ನೊಂದು ಕಡೆ ಬಿಟ್ಟು ಕಾರು ಅಡ್ಡಡ್ಡ ಹೋಯಿತು. ಮತ್ತೆ ತಿಂಗಳುಗಟ್ಟಲೆ ಹುಡುಕಿ, ಕೊನೆಗೆ ಒಂದೇ ಅಚ್ಚಿನ ಎರಡು ಹೊಸ ಟೈರು ಮೈಸೂರಿನಲ್ಲಿ ಸಿಕ್ಕಿದವು. ಹಲ್ಲು ದಪ್ಪವಿಲ್ಲ, ಸಣ್ಣಗೆ ಒತ್ತೊತ್ತಾಗಿ. ಗಾಳಿ ತೀರ ಇಳಿಸದೆ ಹದವಾಗಿ ಹಾಕಿದರು. ಸೀಮೆಸುಣ್ಣದ ಗೆರೆ ಈಗ ಮೆಲ್ಲಗೆ ಬಾಗಿ ಮೆಲ್ಲಗೇ ನೇರವಾಗುತ್ತಿತ್ತು. ಕಾರಿನ ಹಿಂಭಾಗ ಅಲುಗಲಿಲ್ಲ. ಸಾಬಣ್ಣ ಚಪ್ಪಾಳೆ ತಟ್ಟಿದರು. ಅಣ್ಣ ತಟ್ಟಲಿಲ್ಲ.

ಅವನು ಮಳೆಗೆ ಕಾಯುತ್ತಿದ್ದ. ಮುಂಗಾರು ಹಿಡಿದ ಮೇಲೆ ಏರಿಗೆ ಮತ್ತೆ ಜಲ್ಲಿ ಸುರಿದರು. ಒಂದು ಸಂಜೆ ಹನಿ ಶುರುವಾದ ಕೂಡಲೇ ಅಣ್ಣ ಕಾರು ತೆಗೆದ. ಸಾಬಣ್ಣನೂ ಅಂದು ನಮ್ಮ ಮನೆಯಲ್ಲೇ ಇದ್ದರು.

“ಇಂದ್ಗಡೆ ಕೂತ್ಕೊ ಬಾ ಅಮ್ಮಿ,” ಅಂದ ನನಗೆ.

“ನಾನ್ಯಾಕಣ್ಣಾ?”

“ಅವತ್ತು ಇಂದೆ ಇಬ್ರಿದ್ರಿ. ಭಾರ ಅಂಗೇ ಇರ್ಬೇಕು.” ಹಿಂದಿನ ಸೀಟಿನ ಮೇಲೆ ಅವನು ಆಗಲೇ ಒಂದು ಭತ್ತದ ಮೂಟೆ ಮಲಗಿಸಿದ್ದ.

ಅವ್ವ ಬಾಗಿಲಲ್ಲಿ ನಿಂತು, “ಬ್ಯಾಡ ಕಣಪ್ಪ, ನನ್ ಮಗನೇ, ಬ್ಯಾಡ” ಅಂದಳು. ಅವನು ಕೇಳಲಿಲ್ಲ. ನಾನು ಮೂಟೆಯ ಪಕ್ಕ ಕೂತೆ. ಅತ್ತಿಗೆಯ ತಲೆ ಇದ್ದ ಕಡೆ ಗೋಣಿಯ ಅಂಚು ನನ್ನ ತೊಡೆಗೆ ತಾಗುತ್ತಿತ್ತು. ಸಾಬಣ್ಣ ಚಕ್ರ ನೋಡಲು ಏರಿಯ ಬುಡದಲ್ಲಿ ಮಳೆಯಲ್ಲೇ ನಿಂತರು.

ಕಾರು ಏರಿ ಹತ್ತಿತು. ಹೇಳುವುದಕ್ಕೆ ಅಷ್ಟೇ ಇದೆ. ಒಮ್ಮೆಯೂ ಕುಣಿಯಲಿಲ್ಲ. ಜಲ್ಲಿ ಕಿರ್ರೆಂದು ಸದ್ದು ಮಾಡಿತು, ಚಕ್ರ ಒಂದಿಷ್ಟು ಜಾರಿತು, ಹಾಗೇ ಮೇಲಕ್ಕೆ ತಂದುಬಿಟ್ಟಿತು. ನಾಲ್ಕು ಉಸಿರಿನ ಕೆಲಸವೂ ಅಲ್ಲ.

ಏರಿಯ ಮೇಲೆ ಅಣ್ಣ ಕಾರು ನಿಲ್ಲಿಸಿದ. ಎದುರಿಗೆ ನಾಲೆಯ ನೀರು ತುಂಬಿ ಹರಿಯುತ್ತಿತ್ತು.

“ಅತ್ಬುಡ್ತು ಕಣಮ್ಮಿ,” ಅಂದ. ನೀರನ್ನೇ ನೋಡುತ್ತ, “ಇಷ್ಟೇಯ. ಇಷ್ಟೇ ಇದ್ದದ್ದು” ಅಂದ. ಆಮೇಲೆ ಸ್ಟೀರಿಂಗಿಗೆ ಹಣೆ ಒತ್ತಿ ಅತ್ತ. ಹೆಣ ಎತ್ತುವಾಗಲೂ ಅವನು ಅತ್ತಿರಲಿಲ್ಲ. ಗಂಡಸು ಹಾಗೆ ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹಿಂದಿನಿಂದ ಅವನ ಹೆಗಲು ಮುಟ್ಟಲು ಕೈ ಚಾಚಿದೆ, ಮುಟ್ಟಲಾಗಲಿಲ್ಲ.

ಸಾಬಣ್ಣ ಏದುಸಿರು ಬಿಡುತ್ತ ಹತ್ತಿ ಬಂದರು. ನಗುತ್ತಲೇ ಬಂದವರು ಕಿಟಕಿಯ ಹತ್ತಿರ ನಿಂತುಬಿಟ್ಟರು. ಕೈ ಒಳಗೆ ಹಾಕಿ ಎಂಜಿನ್ ಆರಿಸಿದರು.

“ಮುಗೀತು ಬುಡ್ಲಾ. ಸಾಕು,” ಅಂದರು.

“ಮುಗುದ್ರೆ ನಾನಿನ್ನೇನ್ ಮಾಡ್ಲಿ ಹೇಳ್ಲಾ?” ಅಣ್ಣ ಕೇಳಿದ.

ಸಾಬಣ್ಣ ಬಾಗಿಲು ತೆಗೆದು, ಅವನನ್ನು ಆಚೆ ಸೀಟಿಗೆ ಸರಿಸಿ, ತಾವೇ ಕಾರು ಓಡಿಸಿಕೊಂಡು ಬಂದರು.

ಅದರ ಮೇಲಿನ ತಿಂಗಳುಗಳು ಇನ್ನೂ ಕಷ್ಟದವು. ಟೈರಿನ ಮಾತೂ ನಿಂತುಹೋಗಿತ್ತು. ಕೆಲಸಕ್ಕೆ ಹೋಗುವುದು, ಬರುವುದು, ಗೋಡೆಗೆ ಮುಖ ಮಾಡಿ ಮಲಗುವುದು. ಒಂದು ದಿನ ಅವ್ವನಿಗೆ ತಡೆಯಲಾಗಲಿಲ್ಲ. “ಆ ಕೂಸು ನಡ್ಯಾಕ್ ಕಲ್ತದಂತೆ ಕಣ್ಲಾ. ನಿಂಗೆ ಅದರ ಮೊಕ ಗೊತ್ತಾ?” ಅಂದಳು. ಅವನು ಎದ್ದು ಶರ್ಟು ಹಾಕಿಕೊಂಡ. ಕಾರು ಮುಟ್ಟಲಿಲ್ಲ. ನಾವಿಬ್ಬರೂ ಬಸ್ಸಿನಲ್ಲಿ ಕೆ.ಆರ್. ಪೇಟೆಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದೆವು.

ಮಗುವಿನ ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಮಗು ಅವರ ಬೆನ್ನಿಗೆ ಅಂಟಿಕೊಂಡು ನಿಂತಿತ್ತು. ಅತ್ತಿಗೆಯದೇ ಹಣೆ, ಅತ್ತಿಗೆಯದೇ ಹುಬ್ಬು. “ಅಪ್ಪ ಕಣವ್ವ, ಓಗು” ಎಂದು ಅಜ್ಜಿ ಮುಂದಕ್ಕೆ ತಳ್ಳಿದರು. ಮಗು ಅಣ್ಣನ ಮುಖ ನೋಡಿ ಹೋ ಎಂದು ಅತ್ತು ಅಜ್ಜಿಯ ಸೆರಗಿನೊಳಗೆ ಸೇರಿಕೊಂಡಿತು. ಅಣ್ಣ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. ಕಾಫಿ ಕುಡಿದು ವಾಪಸು ಬಂದೆವು. ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಕೂತಿದ್ದ.

ಆದರೂ ಮುಂದಿನ ಭಾನುವಾರ ಒಬ್ಬನೇ ಹೋದ. ಅದರ ಮುಂದಿನದಕ್ಕೂ. ಕಾರನ್ನು ಯಾರೋ ಬಂದು ಕೊಂಡುಕೊಂಡು ಹೋದರು. ಅವನು ಹೊರಗೂ ಬರಲಿಲ್ಲ. ಮಗುವನ್ನು ನಮ್ಮನೆಗೆ ತರುವ ಮಾತು ಎರಡು ಮೂರು ಸಲ ಬಂತು. ಅಜ್ಜಿಯ ಕಣ್ಣು ತುಂಬಿತು, ಅಣ್ಣನೇ ಬೇಡ ಅಂದ. “ಅವ್ರಿಗೂ ಮಗಳಿಲ್ದಂಗ್ ಆಗದೆ. ಇದ್ನೂ ಕಿತ್ಕಂಡ್ ಬರಾದಾ?” ಅಂದ. ಅವಳು ಅಲ್ಲೇ ಬೆಳೆದಳು, ಅಲ್ಲಿಯ ಶಾಲೆಗೇ ಸೇರಿದಳು.

ಅವಳಿಗೆ ಆರೋ ಏಳೋ ಇದ್ದಾಗ ಒಮ್ಮೆ ಅಣ್ಣನನ್ನು ಕೇಳಿದೆ, ನಿನ್ನ ಹತ್ತಿರ ಏನು ಮಾತಾಡುತ್ತಾಳೆ ಅಂತ.

“ಏನೂ ಇಲ್ಲ,” ಅಂದ. “ಈಗೀಗ ಪಕ್ಕದಲ್ಲಿ ಬಂದು ಕೂತ್ಕತಳೆ.”