ಗೋದಮ್ಮನವರು ಕರಿದ ನೇಂದ್ರಬಾಳೆ

ಹೊಳೆನರಸೀಪುರದಲ್ಲಿ ದೇವಸ್ಥಾನದ ಹಿಂದಿನ ಬೀದಿಯ ಗೋದಮ್ಮನವರಿಗೆ ವಾಸನೆ ತಿಳಿಯುವುದಿಲ್ಲ. ಕೊರೊನಾ ಎರಡನೇ ಅಲೆಯಲ್ಲಿ ಬಂದ ಜ್ವರ ಬಿಟ್ಟಿತು, ಮೂಗು ಮಾತ್ರ ಮೊದಲಿನಂತಾಗಲಿಲ್ಲ. ಮನೆಯವರು ದಿನಾ ಕೇಳುತ್ತಿದ್ದರು. ಕೇಳಿಸಿಕೊಂಡು ಸಾಕಾಗಿ ಒಂದು ಬೆಳಿಗ್ಗೆ ಕಾಫಿ ಲೋಟ ಮುಖದ ಹತ್ತಿರ ಹಿಡಿದು, ಈಗ ಬರುತ್ತಿದೆ ಎಂದುಬಿಟ್ಟರು. ಎಲ್ಲರಿಗೂ ಸಮಾಧಾನವಾಯಿತು. ಆಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಕಷ್ಟವಾಯಿತು.

ಹಾಗೆ ಹೇಳಲು ಇನ್ನೊಂದು ಕಾರಣವೂ ಇತ್ತು. ಆ ಬೀದಿಯ ಮನೆಗಳಲ್ಲಿ ಈಗ ತಿಥಿಗೆ ಅಡುಗೆಯವರನ್ನು ಕರೆಸುತ್ತಾರೆ, ಇಲ್ಲವೇ ಮೈಸೂರಿಗೆ ಹೋಗಿ ಮುಗಿಸಿಕೊಂಡು ಬರುತ್ತಾರೆ. ಇವರ ಮನೆಯಲ್ಲಿ ಮಾವನವರು ತೀರಿಕೊಂಡಾಗಿನಿಂದ ತಿಥಿಯ ಅಡುಗೆ ಗೋದಮ್ಮನವರದೇ. ಜ್ವರ ಬಂದ ವರ್ಷ ಗಂಡ ಸಂಪತ್ಕುಮಾರ ಅಡುಗೆಯವರೊಬ್ಬರ ನಂಬರನ್ನು ಫೋನಿನಲ್ಲಿ ಹಾಕಿಕೊಂಡಿದ್ದರು. ಅದು ಇನ್ನೂ ಅಲ್ಲೇ ಇದೆ. ಮೂಗಿನ ವಿಷಯ ಗೊತ್ತಾದರೆ ಆ ನಂಬರಿಗೆ ಕರೆ ಹೋಗುತ್ತದೆ, ಅಡುಗೆಮನೆ ತಮ್ಮ ಕೈತಪ್ಪುತ್ತದೆ ಎನ್ನುವುದು ಅವರ ಭಯ.

ತಿಥಿಯ ಅಡುಗೆಗೆ ಅದರದೇ ಕಟ್ಟುಪಾಡುಗಳಿವೆ. ಪಿತೃಗಳಿಗೆ ಒಪ್ಪಿಸುವ ಮುಂಚೆ ರುಚಿ ನೋಡುವಂತಿಲ್ಲ, ಮೂಸುವಂತೆಯೂ ಇಲ್ಲ. ಬೇರೆಯವರಿಗೆ ಇದು ತೊಡಕಾಗುವುದಿಲ್ಲ. ಒಲೆಯ ಮುಂದೆ ನಿಂತವರಿಗೆ ವಾಸನೆ ತಾನಾಗಿ ಬಂದು ಮುಟ್ಟುತ್ತದೆ. ಎಲೆಯ ಮುಂದೆ ಕೂತ ಬ್ರಾಹ್ಮಣರು ಅಡುಗೆ ಚೆನ್ನಾಗಿದೆ ಎನ್ನಬಾರದು, ಚೆನ್ನಾಗಿಲ್ಲ ಎಂದೂ ಅನ್ನಬಾರದು. ಊಟದ ಕೊನೆಯಲ್ಲಿ ತೃಪ್ತಿಯಾಯಿತೇ ಎಂದು ಕರ್ತೃ ಕೇಳಬೇಕು, ಆಯಿತು ಎಂದು ಅವರು ಹೇಳಬೇಕು. ಉಪ್ಪು ಮರೆತಿದ್ದರೂ ಉತ್ತರ ಅದೇ. ಹಾಗಾಗಿ ಮೂಗು ಹೋದ ಮೇಲೆ ಗೋದಮ್ಮನವರಿಗೆ ತಾವು ಏನು ಬಡಿಸುತ್ತಿದ್ದೇವೆ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಊಟವಾದ ಮೇಲೆ ಎಲೆಗಳಲ್ಲಿ ಏನು ಉಳಿದಿದೆ ಎಂದು ಬಾಗಿಲ ಮರೆಯಿಂದ ನೋಡುತ್ತಿದ್ದರು.

ಅವರಿಗೆ ಹೆಚ್ಚು ಹೆದರಿಕೆ ಇದ್ದದ್ದು ನೇಂದ್ರಬಾಳೆಯದು. ಮಾವನವರಿಗೆ ಸಾರನ್ನದ ಜೊತೆ ನೆಂಚಿಕೊಳ್ಳಲು ತುಪ್ಪದಲ್ಲಿ ಕರಿದ ನೇಂದ್ರ ಬೇಕಿತ್ತು, ಆದ್ದರಿಂದ ಅವರ ತಿಥಿಯಲ್ಲಿ ಅದು ತಪ್ಪುವುದಿಲ್ಲ. ಸಿಪ್ಪೆ ಕಪ್ಪಾಗುತ್ತಾ ಬಂದ ಹಣ್ಣನ್ನು ಓರೆಯಾಗಿ ಹೆಚ್ಚಿ, ಬಾಣಲೆಯಲ್ಲಿ ಎರಡೂ ಕಡೆ ಕೆಂಪಗೆ ಮಾಡಿ, ಮೇಲೆ ಉಪ್ಪು, ಮೆಣಸಿನಪುಡಿ. ತಿಥಿಗೆ ಒಣಮೆಣಸಿನಕಾಯಿ ಆಗದು, ಕಾಳುಮೆಣಸೇ. ಹಣ್ಣು ಹೆಚ್ಚು ಮಾಗಿದ್ದಷ್ಟೂ ಸಿಹಿ ಹೆಚ್ಚು, ಸೀಯುವುದೂ ಬೇಗ. ಕೆಂಪು ಎಲ್ಲಿ ಮುಗಿಯಿತು, ಸೀಯುವುದು ಎಲ್ಲಿ ಶುರುವಾಯಿತು ಎನ್ನುವುದನ್ನು ಕಣ್ಣಿಗಿಂತ ಮೊದಲು ಮೂಗು ಹೇಳುತ್ತದೆ. ಗೋದಮ್ಮನವರು ಮೂಗಿನ ಬದಲು ಕಿವಿಯನ್ನು ಪಳಗಿಸಿಕೊಂಡಿದ್ದರು. ತುಪ್ಪದ ಸದ್ದು ತಗ್ಗಿದರೆ ಮಗುಚಬೇಕು.

ಈ ವರ್ಷ ತಿಥಿಯ ಹಿಂದಿನ ದಿನ ಹರದನಹಳ್ಳಿಯ ಮರಿಯಣ್ಣ ಹಣ್ಣು ತಂದ. ಹೊಲದಲ್ಲಿ ಶುಂಠಿಯ ಪಕ್ಕ ನೇಂದ್ರ ಹಾಕಿದ್ದಾನೆ, ವರ್ಷಾ ವರ್ಷಾ ಅವನೇ ತರುವುದು. ಜಗಲಿಯ ಮೇಲೆ ಚೀಲ ಬಿಚ್ಚಿದ.

"ಅಮ್ಮಾರೆ, ಮೂಗ್ತಾವ ಇಡ್ಕೊಂಡ್ ನೋಡಿ. ಎಂಗ್ ಗಮ್ ಅಂತದೆ."

ಗೋದಮ್ಮನವರು ಕೈಗೆ ಸಿಕ್ಕಿದ ಚಿಪ್ಪನ್ನು ಎತ್ತಿ ಹಿಡಿದು, ಗಮ್ಮನ್ನುತ್ತಿದೆ ಎಂದರು.

"ಅದಲ್ಲ ಕಣ್ರವ್ವ, ನೀವಿಡ್ಕೊಂಡಿರದು ಪಲ್ಯದ ಕಾಯಿ. ಅಣ್ಣು ಈ ಕಡೀಕವೆ."

ಮರಿಯಣ್ಣ ನಕ್ಕ. ಒಳಗಿನಿಂದ ಸೊಸೆ ಶ್ರೀಗೌರಿಯೂ ನಕ್ಕರು. ಕನ್ನಡಕ ಇಲ್ಲದೆ ಏನೂ ಕಾಣದು ಎಂದು ಗೋದಮ್ಮನವರು ಗೊಣಗಿಕೊಂಡು ಒಳಗೆ ಹೋದರು. ಸೊಸೆಯತ್ತ ತಿರುಗಿ ನೋಡಲಿಲ್ಲ. ಸೊಸೆಯ ಮುಂದೆ ಅವರಿಗೆ ಅಷ್ಟು ಅಂಜಿಕೆಯಾಗಲು ಕಾರಣ ಬೇರೆಯೇ ಇತ್ತು. ಕೆಲವು ವಾರಗಳ ಹಿಂದೆ ಹಾಲು ಉಕ್ಕಿ ಒಲೆ ಆರಿತ್ತು, ಗ್ಯಾಸ್ ಹಾಗೇ ಬರುತ್ತಿತ್ತು. ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದ ಗೋದಮ್ಮನವರಿಗೆ ಗೊತ್ತೇ ಆಗಿರಲಿಲ್ಲ. ಪಾಠ ಮುಗಿಸಿ ಶಾಲೆಯಿಂದ ಬಂದ ಶ್ರೀಗೌರಿ ಓಡಿ ಹೋಗಿ ಕಿಟಕಿ ತೆಗೆದಿದ್ದರು. ಆಗಷ್ಟೇ ಬಂದು ಕೂತೆ ಎಂದು ಅತ್ತೆ ಹೇಳಿದ್ದನ್ನು ನಂಬಿ, ಯಾವುದಕ್ಕೂ ಇರಲಿ ಎಂದು ಮಾರನೆಯ ದಿನ ಹೊಸ ಪೈಪನ್ನೂ ಹಾಕಿಸಿದರು.

ತಿಥಿಯ ದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲ ಅಡುಗೆಯೂ ಇಳಿದಿತ್ತು, ನೇಂದ್ರ ಒಂದು ಬಾಕಿ. ಮೊದಲ ಸಲ ಹಾಕಿದ ಹೋಳುಗಳು ಚೆನ್ನಾಗಿ ಬಂದಂತೆ ಕಂಡವು. ಉಳಿದವನ್ನು ಬಾಣಲೆಗೆ ಬಿಟ್ಟ ಹೊತ್ತಿಗೆ ನಡುಮನೆಯಿಂದ ಸಂಪತ್ಕುಮಾರ ಎಳ್ಳು ಕೇಳಿದರು. ಅಡುಗೆಮನೆಯ ಕಡೆ ಮಡಿಯಲ್ಲಿದ್ದವರು ಗೋದಮ್ಮ ಒಬ್ಬರೇ, ಅವರೇ ಕೊಡಬೇಕು. ಮಂತ್ರದ ದನಿಯಲ್ಲಿ ತುಪ್ಪದ ಸದ್ದು ಕೇಳಲಿಲ್ಲ. ಎಳ್ಳು ಕೊಟ್ಟು ತಿರುಗಿ ಬಂದಾಗ ಹೋಳುಗಳ ಅಂಚು ಕಂದಿತ್ತು. ಮೇಲೆ ಕೆಂಪು. ಅಡಿಯಲ್ಲಿ ಹೇಗಿದೆಯೋ. ಬೇಗ ಬೇಗ ಮಗುಚಿದರು. ಕಪ್ಪೋ ಗಾಢ ಕೆಂಪೋ, ಆ ಬೆಳಕಿನಲ್ಲಿ ತಿಳಿಯಲಿಲ್ಲ.

ಬೇರೆ ಹಣ್ಣಿಲ್ಲ, ಮೊದಲು ಕರಿದದ್ದು ಎಲ್ಲ ಎಲೆಗೂ ಸಾಲದು. ಚೂರು ಬಾಯಿಗೆ ಹಾಕಿಕೊಂಡರೆ ತಿಳಿಯುತ್ತದೆ, ಆದರೆ ಹಾಕಿಕೊಳ್ಳುವಂತಿಲ್ಲ. ಸೀದದ್ದನ್ನು ಮಾವನ ಎಲೆಗೆ ಬಡಿಸಿದರೆ ಯಾರೂ ಏನೂ ಅನ್ನುವುದಿಲ್ಲ, ಅದೇ ಅವರಿಗೆ ಹೆದರಿಕೆ. ಹೊಸ್ತಿಲಿನಾಚೆ ಶ್ರೀಗೌರಿ ಬಾಳೆಲೆ ಒರೆಸುತ್ತಿದ್ದರು.

"ಗೌರೀ. ಅಲ್ಲಿಂದಲೇ ಹೇಳು. ಸೀದಿದೆಯಾ?"

ಶ್ರೀಗೌರಿ ತಲೆಯೆತ್ತಿದರು. "ನಿಮಗೆ ಗೊತ್ತಾಗ್ತಿಲ್ವಾ ಅತ್ತೆ?"

"ಇಲ್ಲ."

"ಯಾವಾಗಿಂದ?"

"ಜ್ವರ ಬಂದಾಗಿಂದ."

ಶ್ರೀಗೌರಿ ಎಲೆಯನ್ನು ಕೆಳಗಿಟ್ಟರು. "ಹಾಗಾದ್ರೆ ಆವತ್ತು ಗ್ಯಾಸು?"

"ಪಕ್ಕದಲ್ಲೇ ಕೂತಿದ್ದೆ."

ಸೊಸೆ ಎದ್ದು ನಿಂತರು. ಆಮೇಲೆ, ಸೀದಿಲ್ಲ, ಆದರೆ ಈಗಲೇ ಇಳಿಸಿ ಎಂದರು. ಗೋದಮ್ಮನವರು ಇಳಿಸಿದರು.

ಬ್ರಾಹ್ಮಣರು ಉಂಡರು. ತೃಪ್ತಿಯಾಯಿತೇ ಎಂದು ಸಂಪತ್ಕುಮಾರ ಕೇಳಿದರು, ಆಯಿತು ಎಂದು ಉತ್ತರ ಬಂತು. ಅವರು ದಕ್ಷಿಣೆ ತೆಗೆದುಕೊಂಡು ಹೊರಟ ಮೇಲೆ ಶ್ರೀಗೌರಿ ತಮ್ಮ ಮಾವ ಸಂಪತ್ಕುಮಾರರಿಗೆ ಎಲ್ಲವನ್ನೂ ಹೇಳಿದರು, ಗ್ಯಾಸಿನದನ್ನೂ ಬಿಡಲಿಲ್ಲ. ತಾವು ಮನೆಯಲ್ಲಿ ಇಲ್ಲದಾಗ ಅತ್ತೆ ಒಲೆ ಹಚ್ಚಕೂಡದು ಎಂದು ಗಟ್ಟಿಯಾಗಿಯೇ ಹೇಳಿದರು. ಸಂಪತ್ಕುಮಾರ ಮೊದಲು ಕೇಳಿದ್ದು ತಿಥಿ ಕೆಟ್ಟಿತೇ ಎಂದು. ಬೇಕೆಂದು ಮೂಸಿದರೆ ದೋಷ, ತಾನಾಗಿ ಬಂದ ವಾಸನೆಯನ್ನು ಹೇಳಿದರೆ ಏನೂ ಇಲ್ಲ ಎಂದು ತಾವೇ ತೀರ್ಮಾನಿಸಿಕೊಂಡರು. ಮುಂದಿನ ವರ್ಷ ಅಡುಗೆಯವರನ್ನೇ ಕರೆಸೋಣವೇ ಎಂದೂ ಕೇಳಿದರು.

"ಬೇಡ. ನಾನು ಹೊಸ್ತಿಲ ಹತ್ತಿರ ನಿಂತಿರ್ತೀನಿ," ಎಂದರು ಶ್ರೀಗೌರಿ. ಅತ್ತೆಯ ಮುಖ ನೋಡಲಿಲ್ಲ.

ಎಲ್ಲರ ಕೊನೆಗೆ ಅತ್ತೆ ಸೊಸೆ ಊಟಕ್ಕೆ ಕೂತರು. ಗೋದಮ್ಮನವರು ಒಂದು ಹೋಳು ಬಾಯಿಗೆ ಹಾಕಿಕೊಂಡರು. ಸಿಹಿ ತಿಳಿಯಿತು, ಮೆಣಸಿನ ಖಾರ ತಿಳಿಯಿತು, ಅಷ್ಟೇ. ಹೇಗಿದೆ ಎಂದು ಸೊಸೆಯನ್ನು ಕೇಳಿದರು. ಚೆನ್ನಾಗಿದೆ ಎಂದು ಶ್ರೀಗೌರಿ ಹೇಳಿದರು. ಗೋದಮ್ಮನವರು ಅವರನ್ನೇ ನೋಡುತ್ತಿದ್ದರು.

"ತುಪ್ಪ ಸ್ವಲ್ಪ ಕಮಟು, ಅತ್ತೆ," ಎಂದರು ಶ್ರೀಗೌರಿ. "ಹೋದ ವರ್ಷಾನೂ ಹಾಗೇ ಆಗಿತ್ತು. ನಿಮಗೆ ಬೇಜಾರಾಗತ್ತೆ ಅಂತ ನಾನು ಹೇಳಲಿಲ್ಲ."

ಗೋದಮ್ಮನವರು ಎಲೆಯ ಮೇಲೆ ಕೈ ನಿಲ್ಲಿಸಿದರು.

"ಇನ್ನೂ ಏನೇನು ಹೇಳಿಲ್ಲ? ಎಲ್ಲಾ ಹೇಳಿಬಿಡು."

ಶ್ರೀಗೌರಿ ನೀರು ಕುಡಿದು, ಹೋದ ಸಂಕ್ರಾಂತಿಯ ಪೊಂಗಲಿನಿಂದ ಶುರು ಮಾಡಿದರು.