ಒಂದನೇ ನಂಬರಿನ ಸೀಟು

ಹನ್ನೆರಡು ವರ್ಷದ ಸ್ಪೋರ್ಟ್ಸ್ ಸೆಡಾನ್ ಇಟ್ಟುಕೊಳ್ಳುವುದೆಂದರೆ ಆನೆ ಸಾಕಿದ ಹಾಗೆ. ಆಯಿಲ್ ಸೋರುತ್ತದೆ, ಟ್ರಾಫಿಕ್ ಜಾಮಿನಲ್ಲಿ ನಿಂತರೆ ಎಂಜಿನ್ ಕುದಿಯುತ್ತದೆ, ಸಣ್ಣ ಸೆನ್ಸರ್ ಕೆಟ್ಟರೂ ಸಾವಿರಾರು ರೂಪಾಯಿ. ಮಾರಿಬಿಡು ಅಂತ ಎಲ್ಲರೂ ಹೇಳಿದರು. ನಾನು ಮಾರಲಿಲ್ಲ. ಅದು ನಮ್ಮವರ ಕಾರು. ಅವರು ಸೈನ್ಯದಲ್ಲಿದ್ದರು, ತೀರಿಕೊಂಡು ಎರಡು ವರ್ಷವಾಗಿತ್ತು.

ಡ್ರೈವರ್ ಬಾಗಿಲಲ್ಲಿ ಸೀಟಿನ ಅಳತೆ ನೆನಪಿಟ್ಟುಕೊಳ್ಳುವ ಎರಡು ಬಟನ್ ಇವೆ. ಒಂದು ಅವರದು, ಎರಡು ನನ್ನದು. ಒಂದನ್ನು ಒತ್ತಿದರೆ ಸೀಟು ಮೆಲ್ಲಗೆ ಹಿಂದೆ ಸರಿದು ಆರಡಿ ಆಳಿಗೆ ಜಾಗ ಮಾಡಿಕೊಡುತ್ತಿತ್ತು. ದೆಹಲಿ ಪಕ್ಕದ ಇಂದಿರಾಪುರಂನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಕಾರು ನಿಲ್ಲಿಸಿ ಇಳಿಯುವ ಮುಂಚೆ ದಿನಾ ಅದನ್ನು ಒತ್ತುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ.

ಕಳೆದ ಚಳಿಗಾಲ ವಾಟರ್ ಪಂಪ್ ಹೋಯಿತು. ಗುರುಗ್ರಾಮದ ಒಂದು ಗ್ಯಾರೇಜಿನಲ್ಲಿ ವಾರ ಬಿಟ್ಟಿದ್ದೆ. ತರಲು ಹೋದಾಗ ಕೂತು ಒಂದನ್ನು ಒತ್ತಿದೆ. ಸೀಟು ಹಿಂದೆ ಹೋಗುವ ಬದಲು ಮುಂದೆ ಬಂದು ನನ್ನ ಮೊಣಕಾಲು ಸ್ಟೀರಿಂಗಿಗೆ ತಾಗಿತು.

"ಭಯ್ಯಾ, ಈ ಸೀಟು ಯಾರು ಮುಟ್ಟಿದ್ದು?"

ಮೆಕ್ಯಾನಿಕ್ ನನಗಿಂತ ಕುಳ್ಳ. "ನಾನೇ ಮೇಡಂ. ಟ್ರಯಲ್ ನೋಡುವಾಗ ಕಾಲು ಎಟುಕಲಿಲ್ಲ. ಒಂದರಲ್ಲಿ ನನ್ನ ಅಳತೆ ಸೇವ್ ಮಾಡಿಕೊಂಡೆ."

"ಹಳೇದು ವಾಪಸ್ ಬರುತ್ತಾ?"

"ಅದು ಅಳಿಸಿಹೋಯ್ತು. ಟೆನ್ಷನ್ ಬೇಡ ಮೇಡಂ, ಸಾಹೇಬರನ್ನ ಒಂದು ಸಲ ಕರ್ಕೊಂಡು ಬನ್ನಿ. ಕೂರಿಸಿ ಸೆಟ್ ಮಾಡಿಕೊಡ್ತೀನಿ. ಅದಕ್ಕೆ ಚಾರ್ಜ್ ಇಲ್ಲ."

ಇಷ್ಟು ವರ್ಷದಲ್ಲಿ ಆ ಕಾರಿಗೆ ಯಾರಾದರೂ ಪುಕ್ಕಟೆ ಮಾಡಿಕೊಡುತ್ತೇನೆ ಎಂದ ಕೆಲಸ ಅದೊಂದೇ.